‘ಪಬ್ಲಿಕ್’ ಎಂದರೆ ಯಾರದು?

ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ‘ಪಬ್ಲಿಕ್’ ಎಂಬ ಇಂಗ್ಲಿಷ್ ವಿಶೇಷಣ ದಿನಕ್ಕೆ ಹತ್ತು ಬಾರಿ ಎದುರಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಒಂದೇ ಮಾತಿಲ್ಲ. ಪಬ್ಲಿಕ್ ವರ್ಕ್ಸ್ ಎಂದರೆ ‘ಲೋಕೋಪಯೋಗಿ’ ಇಲಾಖೆ. ಪಬ್ಲಿಕ್ ಇನ್‌ಸ್ಟ್ರಕ್ಷನ್ ಎಂದರೆ ‘ಸಾರ್ವಜನಿಕ’ ಶಿಕ್ಷಣ. ಪಬ್ಲಿಕ್ ಪ್ರಾಸಿಕ್ಯೂಟರರು ಮಾತ್ರ ‘ಸರ್ಕಾರಿ’ ಅಭಿಯೋಜಕರು. ಹಾಗಾದರೆ ಅದು ಲೋಕದ್ದೋ, ಸರ್ವಜನರದ್ದೋ, ಸರ್ಕಾರದ್ದೋ?

ಜಪಾನೀಯರಿಗೂ ಇದೇ ತೊಡಕು. 1868ರ ನಂತರ, ಮೇಜಿ ಕಾಲದಲ್ಲಿ, ಅವರು ಪಾಶ್ಚಾತ್ಯ ಪದಗಳಿಗೆ ಸಮಾನಪದಗಳನ್ನು ಹುಡುಕತೊಡಗಿದರು. ಈ ಪದಕ್ಕೆ ಒದಗಿದ್ದು ಅವರು ‘ಓಯಕೆ’ ಎಂದು ಓದುವ ಚೀನೀ ಲಿಪಿಚಿಹ್ನೆ. ಓಯಕೆ ಎಂದರೆ ಮೂಲದಲ್ಲಿ ‘ದೊಡ್ಡ ಮನೆ’, ಅರ್ಥಾತ್ ಅರಮನೆ. ಹೀಗಾಗಿ ‘ಎಲ್ಲರದು’ ಎಂಬ ಹೊಸ ಅರ್ಥದ ಬೆನ್ನಿಗೇ ‘ಆಳುವವರದು’ ಎಂಬ ಹಳೆಯ ಅರ್ಥವೂ ಉಳಿಯಿತು.

ನಮ್ಮ ಮುಂಬಯಿ ಪ್ರಾಂತದಲ್ಲಿ ‘ಸಾರ್ವಜನಿಕ’ ಎಂಬ ಸಂಸ್ಕೃತ ಪದ ಬಲವಾಗಿ ಬೇರೂರಿತು. 1870ರಲ್ಲಿ ಪುಣೆ ಸಾರ್ವಜನಿಕ ಸಭೆ ಹುಟ್ಟಿತು. 1893ರ ಸುಮಾರಿಗೆ, ತಿಲಕರ ಕಾಲದಲ್ಲಿ, ಮನೆಯ ಗಣಪತಿ ಸಾರ್ವಜನಿಕ ಗಣಪತಿಯಾದ. ಪಾರ್ಲೆಯ ಗಣೇಶ ಮಂಟಪಗಳ ಮೇಲಿನ ಈ ಮರಾಠಿ ಪದಕ್ಕೆ ನಮ್ಮ ಮಕ್ಕಳಿಗೆ ಅನುವಾದವೇ ಬೇಕಿಲ್ಲ.

ಆದರೆ ಆ ‘ಸರ್ವ’ದಲ್ಲಿ ಯಾರು ಯಾರು ಸೇರಿದ್ದರು? 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಒಂದು ಗೊತ್ತುವಳಿ ತಂದರು: ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಇದೇ ಪ್ರಾಂತದಲ್ಲಿದ್ದವು. ಮಹಾಡದ ಪುರಸಭೆ 1924ರಲ್ಲಿ ಒಪ್ಪಿತಾದರೂ ಅದು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ತಮ್ಮ ಜನರೊಂದಿಗೆ ಅಲ್ಲಿನ ಚವದಾರ ಕೆರೆಯ ನೀರು ಕುಡಿದರು. ಅವರ ಜನರ ಮೇಲೆ ಹಲ್ಲೆಯಾಯಿತು. ಕೆರೆ ಸಾರ್ವಜನಿಕವಲ್ಲ, ಖಾಸಗಿಯದು ಎಂದು ಸವರ್ಣೀಯರು ದಾವೆ ಹೂಡಿದರು. ಅದು 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅಂಬೇಡ್ಕರರ ಪರವಾಗಿ ಮುಗಿಯಿತು. ಒಂದು ವಿಶೇಷಣದ ಅರ್ಥ ಇತ್ಯರ್ಥವಾಗಲು ಹತ್ತು ವರ್ಷ ಹಿಡಿಯಿತು!

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ಈ ಮಾತನ್ನು ಖಚಿತಗೊಳಿಸಿತು. ಸರ್ಕಾರದ ಹಣದಿಂದ ನಡೆಯುವಂಥವು, ಜನರ ಬಳಕೆಗೆಂದು ಬಿಟ್ಟಂಥವು ಯಾವುವೇ ಇರಲಿ, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ.

ಗೋವಾ ಹೆದ್ದಾರಿ ಹಿಡಿದು ಊರಿಗೆ ಹೋಗುವ ನಮಗೆ ಮಹಾಡ ದಾರಿಯಲ್ಲೇ ಸಿಗುತ್ತದೆ. ‘ಸಾರ್ವಜನಿಕ ಎಂದರೇನು?’ ಎಂದು ಮಕ್ಕಳು ಕೇಳಿದರೆ ನಿಘಂಟು ತೆಗೆಯುವ ಬದಲು ಅಲ್ಲಿ ಅರ್ಧ ಗಂಟೆ ಇಳಿದು ಆ ಕೆರೆಯನ್ನು ತೋರಿಸೋಣ.