ಅಜ್ಜಿಯ ಉಬ್ಬಸ ಮತ್ತು 53 ಜೋಡಿಗಳು

ಭಾಗಮಂಡಲದಿಂದ ಪಾಣತ್ತೂರಿನ ಕಡೆ ಘಟ್ಟ ಇಳಿಯುವಾಗ ಸಿಗೋ ಊರು ಕರಿಕೆ. ಅದರಾಚೆ ಕಾಸರಗೋಡು. ಮಳೆಗಾಲದಲ್ಲಿ ಅಲ್ಲಿ ಗೋಡೆಯೂ ಬೆವರುತ್ತೆ, ನಮ್ಮಜ್ಜಿಯ ಉಬ್ಬಸವೂ ಏರುತ್ತೆ. ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂತು: ‘ಪ್ರಾಣಾಯಾಮ ಮಾಡಿ, ಇನ್‌ಹೇಲರ್ ಬಿಸಾಡಿ’. ಅಜ್ಜಿ ಫೋನ್ ಮಾಡಿ ಕೇಳಿದ್ರು, “ಬಿಡ್ಲಾ ಮಗಾ?”

ಉತ್ತರ ಹುಡುಕುತ್ತಾ ಹೋದರೆ ದಾರಿ ಬೆಂಗಳೂರಿಗೇ ಬಂದು ನಿಂತಿತು.

1985ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಬರೆದವರು ವಿವೇಕಾನಂದ ಕೇಂದ್ರದ ವೈದ್ಯೆ ಆರ್. ನಾಗರತ್ನ ಮತ್ತು ಎಂಜಿನಿಯರ್ ಎಚ್.ಆರ್. ನಾಗೇಂದ್ರ. 53 ಅಸ್ತಮಾ ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿ, ದಿನಕ್ಕೆ 65 ನಿಮಿಷ ಮಾಡಿ ಅಂದರು. ಇಷ್ಟೇ ಆಗಿದ್ದರೆ ಅದು ‘ನಂಗೆ ವಾಸಿಯಾಯ್ತು’ ಅನ್ನೋ ಇನ್ನೊಂದು ಕಥೆ, ಅಷ್ಟೇ. ಆದರೆ ಅವರು ವಯಸ್ಸು, ಲಿಂಗ, ಕಾಯಿಲೆಯ ಬಗೆ, ತೀವ್ರತೆ ಎಲ್ಲ ಹೊಂದುವ ಇನ್ನೂ 53 ಜನರನ್ನು ಹುಡುಕಿದರು. ಇವರಿಗೆ ಎಂದಿನ ಔಷಧಿ ಮಾತ್ರ. ಯೋಗ ಮಾಡಿದವರಲ್ಲಿ ವಾರದ ಉಬ್ಬಸದ ದಾಳಿಗಳು ಹೆಚ್ಚು ಕಡಿಮೆಯಾದವು, ಔಷಧಿಯ ಅಗತ್ಯವೂ ಇಳಿಯಿತು.

ಒಂದು ಅನುಮಾನ ಉಳಿಯುತ್ತೆ. ಯೋಗ ಮಾಡುವವರಿಗೆ ತಾವು ಮಾಡ್ತಿದ್ದೇವೆ ಅಂತ ಗೊತ್ತಿರುತ್ತಲ್ಲ? ನಂಬಿಕೆಯೇ ಕೆಲಸ ಮಾಡಿರಬಹುದು. ಮಾತ್ರೆಗಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು, ಉಸಿರಾಟಕ್ಕೆ ‘ಡಮ್ಮಿ’ ಎಲ್ಲಿಂದ ತರೋದು? 1990ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ನಾಟಿಂಗ್‌ಹ್ಯಾಮ್‌ನ ಅಧ್ಯಯನ ಅದಕ್ಕೂ ಉಪಾಯ ಮಾಡಿತು. ಪ್ರಾಣಾಯಾಮದ ಲಯಕ್ಕೆ ಉಸಿರಾಡಿಸುವ ಒಂದು ಸಾಧನ, ನೋಡೋಕೆ ಹಾಗೇ ಇರುವ ಇನ್ನೊಂದು ಹುಸಿ ಸಾಧನ. 18 ಸೌಮ್ಯ ರೋಗಿಗಳು ಎರಡನ್ನೂ ಬಳಸಿದರು. ಕೆಣಕಿದಾಗ ಶ್ವಾಸನಾಳ ಬಿಗಿಯುವ ಸ್ವಭಾವ ನಿಜವಾದ ಸಾಧನದಿಂದ ತಗ್ಗಿತು. ಆದರೆ ರೋಗಲಕ್ಷಣದಲ್ಲಿ, ಇನ್‌ಹೇಲರ್ ಬಳಕೆಯಲ್ಲಿ ಖಚಿತ ಅನ್ನಬಹುದಾದ ವ್ಯತ್ಯಾಸ ಸಿಗಲಿಲ್ಲ.

2016ರಲ್ಲಿ ಕೊಕ್ರೇನ್ ಸಂಸ್ಥೆ 15 ಪ್ರಯೋಗಗಳ 1,048 ಜನರ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿತು. ರೋಗಲಕ್ಷಣ ಮತ್ತು ಬದುಕಿನ ಗುಣಮಟ್ಟದಲ್ಲಿ ಸಣ್ಣ ಸುಧಾರಣೆ ಇರಬಹುದು, ಇನ್ನೂ ದೊಡ್ಡ ಪ್ರಯೋಗಗಳು ಬೇಕು ಅಂದಿತು.

ಸಣ್ಣ ಸುಧಾರಣೆ. ಫಾರ್ವರ್ಡ್ ಮಾಡೋರಿಗೆ ಇದು ಸಪ್ಪೆ, ಉಬ್ಬಸ ಇರೋರಿಗೆ ಅಲ್ಲ. ಆದರೆ ‘ಬಿಸಾಡಿ’ ಅಂತ ಇವುಗಳಲ್ಲಿ ಯಾವುದೂ ಹೇಳಿಲ್ಲ.

ಮಳೆಗೆ ಘಟ್ಟದ ರಸ್ತೆ ಕುಸಿದ ರಾತ್ರಿ ಕರಿಕೆಯಿಂದ ಮಡಿಕೇರಿ ತುಂಬಾ ದೂರ. ಅದಕ್ಕೇ ಅಜ್ಜಿಗೆ ಹೇಳಿದೆ: “ಪ್ರಾಣಾಯಾಮ ಮಾಡಿ ಅಜ್ಜಿ. ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇರಲಿ. ಕಡಿಮೆ ಮಾಡೋದಾದ್ರೆ ಡಾಕ್ಟರ್ ಹೇಳ್ತಾರೆ.”