ದಢೂತಿ ಇಲಿಗಳು ಬಿಟ್ಟುಕೊಟ್ಟ ಗುಟ್ಟು

ಹೊಟ್ಟೆಬಾಕತನ ಮನಸ್ಸಿನ ದೌರ್ಬಲ್ಯ, ನಾಲಿಗೆಯ ಮೇಲೆ ಹಿಡಿತವಿದ್ದರೆ ಬೊಜ್ಜು ಬರುವುದಿಲ್ಲ ಎಂಬ ನಂಬಿಕೆ ಬಹುಕಾಲ ವೈದ್ಯರಲ್ಲೂ ಬೇರೂರಿತ್ತು. ಅದನ್ನು ಅಲುಗಾಡಿಸಿದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಸಣ್ಣ ಊರಿನ ಇಲಿಗಳು.

ಅಲ್ಲಿನ ಜಾಕ್ಸನ್ ಪ್ರಯೋಗಾಲಯ 1947ರ ಕಾಳ್ಗಿಚ್ಚಿನಲ್ಲಿ ಇಲಿಗಳ ಸಮೇತ ಸುಟ್ಟುಹೋಗಿತ್ತು. ಹಿಂದೆ ಅಲ್ಲಿಂದಲೇ ಇಲಿ ಪಡೆದಿದ್ದ ವಿಜ್ಞಾನಿಗಳು ಅವುಗಳ ಸಂತತಿಯನ್ನು ಮರಳಿ ಕಳುಹಿಸಿದ್ದರಿಂದ ಅದು ಮತ್ತೆ ತಲೆಯೆತ್ತಿತು. 1949ರಲ್ಲಿ ಅಲ್ಲಿ ಕೆಲವು ವಿಚಿತ್ರ ಇಲಿಗಳು ಕಾಣಿಸಿಕೊಂಡವು. ತಿಂದಷ್ಟೂ ಹಸಿವು, ತೂಕ ಸಾಮಾನ್ಯ ಇಲಿಯ ಮೂರು ಪಟ್ಟು. ಕಾರಣ, ತಂದೆ ತಾಯಿ ಇಬ್ಬರಿಂದಲೂ ಬಂದ ಒಂದೇ ಒಂದು ವಂಶವಾಹಿಯ ದೋಷ. ಅದಕ್ಕೆ 'ಓಬಿ' ಎಂದು ಹೆಸರಿಟ್ಟರು. 1966ರಲ್ಲಿ ಇನ್ನೊಂದು ತಳಿ ವರದಿಯಾಯಿತು. ಇದಕ್ಕೆ ಬೊಜ್ಜಿನೊಂದಿಗೆ ತೀವ್ರ ಸಕ್ಕರೆ ಕಾಯಿಲೆಯೂ ಇತ್ತು. ಇದು 'ಡಿಬಿ'.

ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಮೈಯನ್ನು ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿಯ ಜೊತೆಗೆ ಸೇರಿಸಿದ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟಿತು. ರಕ್ತದ ಸಕ್ಕರೆ ಕುಸಿದು ಸತ್ತಿತು. ಓಬಿಯನ್ನು ಜೋಡಿಸಿದಾಗ ಅದಕ್ಕೂ ಇದೇ ಗತಿ. ಡಿಬಿ ಮಾತ್ರ ಕೊಬ್ಬುತ್ತಲೇ ಹೋಯಿತು. ಇದರ ಅರ್ಥವೇನು? 'ಇನ್ನು ಸಾಕು' ಎಂದು ಹೇಳುವ ವಸ್ತುವೊಂದು ರಕ್ತದಲ್ಲಿದೆ. ಓಬಿಗೆ ಅದನ್ನು ತಯಾರಿಸಲು ಬಾರದು, ಆದರೆ ಅದರ ಮಾತು ಕೇಳಿಸುತ್ತದೆ. ಡಿಬಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಆದರೆ ಅದಕ್ಕೆ ಕಿವುಡು. ಈ ತರ್ಕವನ್ನು ಅನೇಕರು ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ತಂಡ ವರ್ಷಗಟ್ಟಲೆ ಶೋಧಿಸಿ ಓಬಿ ವಂಶವಾಹಿಯನ್ನು ಪತ್ತೆಹಚ್ಚಿತು. ಅದು ಕೊಬ್ಬಿನ ಕೋಶಗಳಲ್ಲಿ ತಯಾರಿಸುವ ಹಾರ್ಮೋನಿಗೆ, ಗ್ರೀಕ್ ಭಾಷೆಯಲ್ಲಿ 'ತೆಳು' ಎಂಬರ್ಥದ ಪದದಿಂದ, ಲೆಪ್ಟಿನ್ ಎಂಬ ಹೆಸರು ಬಂತು. ಡಿಬಿಯಲ್ಲಿ ಕೆಟ್ಟಿದ್ದುದು ಲೆಪ್ಟಿನ್‌ನ ಸಂದೇಶವನ್ನು ಗ್ರಹಿಸುವ ವಂಶವಾಹಿ ಎಂಬುದೂ ಬೇಗನೆ ತಿಳಿಯಿತು. ಕೋಲ್ಮನ್ ಊಹೆ ನಿಜವಾಗಿತ್ತು.

ಬೊಜ್ಜಿಗೆ ಮದ್ದು ಸಿಕ್ಕಿತೆಂಬ ಸಂಭ್ರಮ ಮಾತ್ರ ಬಹಳ ದಿನ ಉಳಿಯಲಿಲ್ಲ. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿಗೆ ಅದರ ಚುಚ್ಚುಮದ್ದು ವರವಾಯಿತು. ಆದರೆ ಸ್ಥೂಲಕಾಯದ ಬಹುತೇಕ ಜನರ ರಕ್ತದಲ್ಲಿ ಲೆಪ್ಟಿನ್‌ಗೆ ಕೊರತೆಯೇ ಇರಲಿಲ್ಲ. ದೇಹ ಅದಕ್ಕೆ ಓಗೊಡುತ್ತಿರಲಿಲ್ಲ, ಅಷ್ಟೆ. ಕೊನೆಗೆ ಅದು ನೆರವಾದದ್ದು ತದ್ವಿರುದ್ಧ ಸ್ಥಿತಿಯವರಿಗೆ. ಮೈಯಲ್ಲಿ ಕೊಬ್ಬಿನ ಕೋಶಗಳೇ ಸಾಲದೆ ರಕ್ತದಲ್ಲಿ ಕೊಬ್ಬು, ಸಕ್ಕರೆ ಎರಡೂ ಏರುವ ಅಪರೂಪದ ರೋಗಕ್ಕೆ ಲೆಪ್ಟಿನ್ ಮಾದರಿಯ ಔಷಧವನ್ನು ಅಮೆರಿಕ 2014ರಲ್ಲಿ ಅಂಗೀಕರಿಸಿತು.

ಹಸಿವು ಬರೀ ಮನಸ್ಸಿನ ಚಪಲವಲ್ಲ, ರಕ್ತದಲ್ಲಿ ಹರಿಯುವ ಸಂದೇಶವೂ ಹೌದು ಎಂಬುದನ್ನು ಈ ಇಲಿಗಳು ಕಲಿಸಿದವು. ದಪ್ಪಗಿರುವವರನ್ನು ಹಂಗಿಸುವ ನಾಲಿಗೆ ಈ ಪಾಠವನ್ನು ಇನ್ನೂ ಪೂರ್ತಿ ಕಲಿತಿಲ್ಲ.