ಬಚ್ಚಲಮನೆಯ ಗೀಸರಿನ ತವರೂರು



ಕಳೆದ ಸಲ ನಮ್ಮ ಬಳಗ ಲಂಡನ್ನಿನ ಸದಸ್ಯರೊಬ್ಬರ ಮನೆಯಲ್ಲಿ ಸೇರಿತ್ತು. ಊರಿನಿಂದ ಬಂದಿದ್ದ ಅವರ ತಾಯಿ ಮೊಮ್ಮಗಳನ್ನು ಕರೆದು, "ಪುಟ್ಟೀ, ಸ್ವಲ್ಪ ಗೀಸರ್ ಹಾಕು ಬಾರೇ, ಕೈಕಾಲು ತೊಳ್ಕೋಬೇಕು" ಎಂದರು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ ಕಣ್ಣರಳಿಸಿ, "ಅಜ್ಜೀ, ಗೀಸರ್ ಇರೋದು ಐಸ್‌ಲೆಂಡಿನಲ್ಲಿ. ನಮ್ಮನೇಲಿ ಇರೋದು ಬಾಯ್ಲರ್!" ಎಂದಳು. ಎಲ್ಲರೂ ನಕ್ಕೆವು. ಅಜ್ಜಿ ಮಾತ್ರ ಬಿಡಲಿಲ್ಲ. "ಹಾಗಾದ್ರೆ ಆ ಊರಿನೋರು ಸ್ನಾನಕ್ಕೆ ಏನು ಹಾಕ್ತಾರಂತೆ?" ಎಂದು ಕೇಳಿದರು. ಹಿಂದೊಮ್ಮೆ ಐಸ್‌ಲೆಂಡ್ ನೋಡಿಬಂದಿದ್ದ ನಾವು ಮೂರು ಮನೆಯವರು ಅಲ್ಲೇ ಕುಳಿತಿದ್ದೆವು. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದರ ಫಲ.

ಅಜ್ಜಿ, ಮೊಮ್ಮಗಳು ಇಬ್ಬರೂ ಹೇಳಿದ್ದು ಸರಿಯೇ. ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ಹೌಕಾದಾಲುರ್ ಎಂಬ ಕಣಿವೆಯಿದೆ. ಅಲ್ಲಿನ ಒಂದು ಬಿಸಿನೀರ ಬುಗ್ಗೆಗೆ ಊರವರು ಇಟ್ಟ ಹೆಸರು 'ಗೇಸಿರ್'. ಅವರ ಭಾಷೆಯಲ್ಲಿ ರಭಸದಿಂದ ಉಕ್ಕುವುದು ಎಂಬರ್ಥದ ಕ್ರಿಯಾಪದದಿಂದ ಬಂದ ಹೆಸರು. ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ಹೇಳುವುದಾದರೆ, ಒಂದೇ ಒಂದು ಬುಗ್ಗೆಯ ಅಂಕಿತನಾಮವು ಯುರೋಪಿನ ಪ್ರವಾಸಿಗಳ ಬಾಯಲ್ಲಿ ಪಳಗಿ, ಜಗತ್ತಿನ ಎಲ್ಲ ಚಿಮ್ಮುಬುಗ್ಗೆಗಳ ರೂಢನಾಮವಾಯಿತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಅನಿಲ ಉರಿಸಿ ನೀರು ಕಾಯಿಸುವ ಯಂತ್ರವೊಂದನ್ನು ಮಾಡಿ ಅದಕ್ಕೆ 'ಗೀಸರ್' ಎಂದು ಹೆಸರಿಟ್ಟ. ಆ ಮಾತು ಇಂಗ್ಲಿಷಿನ ಹಡಗು ಹತ್ತಿ ಹಿಂದೂಸ್ತಾನಕ್ಕೆ ಹೋಯಿತು. ಹುಟ್ಟಿದ ಲಂಡನ್ನಿನಲ್ಲಿ ಅದು ಹೆಚ್ಚುಕಡಿಮೆ ಮರೆತುಹೋಗಿದೆ. ನಮ್ಮ ಊರುಗಳಲ್ಲಿ ಮಾತ್ರ ತಾಮ್ರದ ಹಂಡೆಯನ್ನು ಅಟ್ಟಕ್ಕೇರಿಸಿ, ಬಚ್ಚಲ ಗೋಡೆಯ ಮೇಲೆ ಭದ್ರವಾಗಿ ಕುಳಿತಿದೆ!

ಪದದ ಕತೆ ಇಷ್ಟಾದರೆ, ಬುಗ್ಗೆಯ ಕತೆ ಇನ್ನೂ ದೊಡ್ಡದು.

ಹೌಕಾದಾಲುರ್ ಎಂದರೆ ಬರೀ ಬಿಸಿನೀರಲ್ಲ. ಸಾಹಿತ್ಯಪ್ರಿಯರಾದ ನಮಗೆ ಅದು ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಅದು ಐಸ್‌ಲೆಂಡಿನ ಹಳೆಯ ವಿದ್ಯಾಕೇಂದ್ರ. ಹನ್ನೊಂದನೆಯ ಶತಮಾನದಲ್ಲಿ ಏಳು ವರ್ಷದ ಹುಡುಗನೊಬ್ಬ ಆ ಕಣಿವೆಯ ಒಂದು ಮನೆಗೆ ಬಂದು, ಹದಿನಾಲ್ಕು ವರ್ಷ ಅಲ್ಲಿಯೇ ಇದ್ದು ಓದಿದ. ಅವನೇ ಆರಿ ಥೋರ್ಗಿಲ್ಸನ್. ಮುಂದೆ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಆತ ತನ್ನ ಜನರ ಚರಿತ್ರೆಯನ್ನು ಬರೆದ. ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಮನೆಮಾತಿನಲ್ಲಿ! ನಮ್ಮ ನಾಡಿನಲ್ಲಿ ಶರಣರು ಆಡುಮಾತಿನ ಕನ್ನಡದಲ್ಲಿ ವಚನಗಳನ್ನು ಹೇಳಿದ್ದೂ ಅದೇ ಶತಮಾನದಲ್ಲಿ ಎಂದು ನೆನೆದಾಗ ನಮಗೆ ಖುಷಿಯಾಯಿತು.

ಆ ದೇಶದ ಚರಿತ್ರೆಯಲ್ಲಿ ಎಲ್ಲಿ ಕೈಯಿಟ್ಟರೂ ಬಿಸಿನೀರು ತಗಲುತ್ತದೆ. ಸುಮಾರು ಕ್ರಿ.ಶ. 1000ದಲ್ಲಿ ಐಸ್‌ಲೆಂಡಿನ ಜನ ತಮ್ಮ ಮಹಾಸಭೆಯಲ್ಲಿ ಕ್ರೈಸ್ತ ಮತವನ್ನು ಒಪ್ಪಿಕೊಂಡರು. ಆದರೆ ದೀಕ್ಷೆಗಾಗಿ ತಣ್ಣೀರಿಗೆ ಇಳಿಯಲು ಹಲವರು ಒಪ್ಪಲಿಲ್ಲವಂತೆ. ದಾರಿಯಲ್ಲಿ ಲೌಗರ್‌ವಾತ್ನ್ ಎಂಬಲ್ಲಿನ ಬೆಚ್ಚನೆಯ ಬುಗ್ಗೆಯಲ್ಲಿ ಮುಳುಗಿ ದೀಕ್ಷೆ ಪಡೆದರು ಎಂಬ ಐತಿಹ್ಯವಿದೆ. ಹದಿಮೂರನೆಯ ಶತಮಾನದ ಮಹಾ ಲೇಖಕ ಸ್ನೋರಿ ಸ್ಟರ್ಲುಸನ್‌ನ ಮನೆಯ ಬಳಿಯೂ ಬಿಸಿನೀರಿನ ಕೊಳವಿತ್ತು. ಆತ 1241ರಲ್ಲಿ ರಾಜಕೀಯ ದ್ವೇಷಕ್ಕೆ ಬಲಿಯಾಗಿ ಅದೇ ಮನೆಯಲ್ಲಿ ಕೊಲೆಯಾದ. ಕೊಳ ಇವತ್ತಿಗೂ ಇದೆ. ರೇಕ್ಯಾವಿಕ್‌ನ ದೊಡ್ಡ ಅಂಗಡಿಬೀದಿಯ ಹೆಸರು ಲೌಗವೇಗುರ್, ಅಂದರೆ ಬಿಸಿಬುಗ್ಗೆಯ ದಾರಿ. ನಗರದ ಹೆಂಗಸರು ಬಟ್ಟೆಯ ಗಂಟು ಹೊತ್ತು ಸುಮಾರು ಮೂರು ಕಿಲೋಮೀಟರ್ ನಡೆದು ಬುಗ್ಗೆಗೆ ಒಗೆಯಲು ಹೋಗುತ್ತಿದ್ದ ದಾರಿಯದು. ಕಾಲು ಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಅವರಲ್ಲಿದ್ದರು. ಇವತ್ತು ಅಲ್ಲಿ ಕೈಯಲ್ಲಿ ಕಾಫಿ ಹಿಡಿದು ನಡೆಯುವಾಗ ಅದು ಯಾರಿಗೂ ನೆನಪಾಗುವುದಿಲ್ಲ. ನಮಗೂ ಆಗಿರಲಿಲ್ಲ.

ಹೌಕಾದಾಲುರ್‌ನ ಬುಗ್ಗೆಗಳು ಬರಹದಲ್ಲಿ ಕಾಣಿಸಿಕೊಳ್ಳುವುದು 1294ರಲ್ಲಿ. ಆ ವರ್ಷದ ದೊಡ್ಡ ಭೂಕಂಪದಲ್ಲಿ ಅಲ್ಲಿ ಹೊಸ ಬಿಸಿಬುಗ್ಗೆಗಳು ಎದ್ದವೆಂದು ಹಳೆಯ ವಾರ್ಷಿಕ ದಾಖಲೆಗಳು ಹೇಳುತ್ತವೆ. ನಂತರದ ಶತಮಾನಗಳಲ್ಲಿ ಗೇಸಿರ್‌ನ ಕೀರ್ತಿ ಕಡಲು ದಾಟಿತು. ಕ್ಯಾಪ್ಟನ್ ಕುಕ್‌ನ ಜೊತೆ ಭೂಮಿ ಸುತ್ತಿಬಂದ ಜೋಸೆಫ್ ಬ್ಯಾಂಕ್ಸ್ 1772ರಲ್ಲಿ ಬಂದ. ಮುಂದೆ ಬಂದವರಲ್ಲಿ ನಮ್ಮವರಿಗೆ ಪರಿಚಯದ ಹೆಸರೊಂದಿದೆ, ಲಾರ್ಡ್ ಡಫರಿನ್. 1884ರಿಂದ 1888ರವರೆಗೆ ಭಾರತದ ವೈಸರಾಯ್ ಆಗಿದ್ದವನು. 1856ರಲ್ಲಿ, ಇನ್ನೂ ತರುಣನಾಗಿದ್ದಾಗ, ಆತ ಗೇಸಿರ್‌ನ ಪಕ್ಕ ಡೇರೆ ಹಾಕಿಕೊಂಡು ಮೂರು ದಿನ ಕಾದ. ಮುಂದೆ ಕೋಟಿಗಟ್ಟಲೆ ಜನರ ಮೇಲೆ ಅಪ್ಪಣೆ ನಡೆಸಿದವನ ಮಾತನ್ನು ಒಂದು ಬುಗ್ಗೆ ಕೇಳಲಿಲ್ಲ!

ಪಕ್ಕದ ಸ್ಟ್ರೊಕ್ಕುರ್ ಎಂಬ ಬುಗ್ಗೆಯ ವಿಷಯದಲ್ಲಿ ಪ್ರವಾಸಿಗಳಿಗೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ಆ ಹೆಸರಿಗೆ ಬೆಣ್ಣೆ ಕಡೆಯುವ ಪಾತ್ರೆ ಎಂದರ್ಥ. ಹುಲ್ಲುಸಮೇತ ಮಣ್ಣಿನ ಹೆಂಟೆಗಳನ್ನು ಅದರ ಬಾಯಿಗೆ ತುರುಕಿದರೆ ಅದು ಸ್ವಲ್ಪ ಹೊತ್ತಿನಲ್ಲಿ ಎಲ್ಲವನ್ನೂ ಕಕ್ಕುತ್ತಿತ್ತು. ಡಫರಿನ್‌ನ ತಂಡವೂ ಈ ಆಟ ಆಡಿತು. ಮುಂದೆ ನಡೆದದ್ದಕ್ಕೆಲ್ಲ ಈ ಆಟವೇ ಪೀಠಿಕೆ ಎಂದು ನಮಗೆ ತೋರುತ್ತದೆ.

ಇವೆಲ್ಲ ಚಿಮ್ಮುವುದಾದರೂ ಹೇಗೆ? ನೆಲದೊಳಗೆ ದೊಡ್ಡ ಗುಹೆಯಿದೆ, ಅದರಲ್ಲಿ ಹಬೆ ತುಂಬಿ ನೀರನ್ನು ತಳ್ಳುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಂಬಿದ್ದರು. ಅದನ್ನು ತಿದ್ದಿದವನು ರಾಬರ್ಟ್ ಬುನ್ಸೆನ್. ಹೌದು, ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವೆಲ್ಲ ಹೊತ್ತಿಸಿದ ಬುನ್ಸೆನ್ ಬರ್ನರ್‌ನ ಬುನ್ಸೆನ್ ಇವನೇ! 1846ರಲ್ಲಿ ಆತ ಫ್ರಾನ್ಸಿನ ಡೆಕ್ಲ್ವಾಝೋ ಜೊತೆ ಬಂದು, ಗೇಸಿರ್‌ನ ಇಪ್ಪತ್ತು ಮೀಟರಿಗೂ ಆಳದ ಕೊಳವೆಯೊಳಗೆ ಹಗ್ಗ ಕಟ್ಟಿ ಉಷ್ಣಮಾಪಕಗಳನ್ನು ಇಳಿಬಿಟ್ಟ. ತಳದ ನೀರು 120 ಡಿಗ್ರಿಗೂ ಹೆಚ್ಚು ಬಿಸಿಯಿತ್ತು, ಆದರೂ ಕುದಿಯುತ್ತಿರಲಿಲ್ಲ.

ಇದು ನಮ್ಮ ಅಡಿಗೆಮನೆಯವರಿಗೆ ಬೇಗ ಅರ್ಥವಾಗುವ ವಿಷಯ. ಪ್ರೆಷರ್ ಕುಕ್ಕರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ; ಒಳಗಿನ ಒತ್ತಡದಿಂದಾಗಿ ಸುಮಾರು 120ರವರೆಗೆ ಏರುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ. ಗೇಸಿರ್‌ನಲ್ಲಿ ಮುಚ್ಚಳದ ಕೆಲಸವನ್ನು ಮೇಲಿನ ನೀರಿನ ಭಾರವೇ ಮಾಡುತ್ತದೆ. ಹತ್ತು ಮೀಟರ್ ಆಳದಲ್ಲಿ ನೀರು ಕುದಿಯಲು ಹತ್ತಿರಹತ್ತಿರ 120 ಡಿಗ್ರಿ ಬೇಕು. ಕೆಳಗಿನ ಬಿಸಿನೀರು ತುಸು ಮೇಲೆ ತಳ್ಳಿಸಿಕೊಂಡರೆ ಅಲ್ಲಿ ಒತ್ತಡ ಕಡಿಮೆ, ತಕ್ಷಣ ಕುದಿಯುತ್ತದೆ. ಹಬೆ ಎದ್ದು ಮೇಲಿನ ನೀರನ್ನು ಚೆಲ್ಲುತ್ತದೆ. ಭಾರ ಇನ್ನೂ ಇಳಿಯುತ್ತದೆ, ಇನ್ನಷ್ಟು ನೀರು ಕುದಿಯುತ್ತದೆ. ಕ್ಷಣಾರ್ಧದಲ್ಲಿ ಇಡೀ ಕೊಳವೆ ಆಕಾಶಕ್ಕೆ ಹಾರುತ್ತದೆ. ಬುನ್ಸೆನ್ ಇನ್ನೊಂದನ್ನೂ ಗಮನಿಸಿದ. ಈ ನೀರಿನಲ್ಲಿ ಬಂಡೆಯಿಂದ ಕರಗಿಬಂದ ಸಿಲಿಕಾ ಇರುತ್ತದೆ. ಅದು ಅಂಚಿನಲ್ಲಿ ಪದರ ಪದರವಾಗಿ ಕಟ್ಟಿ ಕೊಳವೆಯನ್ನೂ ಬಟ್ಟಲನ್ನೂ ರೂಪಿಸುತ್ತದೆ. ಬುಗ್ಗೆ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಬಟ್ಟಲು ತೀರ ದೊಡ್ಡದಾದಾಗ ಮೇಲೆ ನೀರು ಹೆಚ್ಚಾಗಿ, ತಣ್ಣಗಾಗಿ, ಬುಗ್ಗೆಯ ಬಾಯಿ ಕಟ್ಟುತ್ತದೆ.

ಈಗ 1894ಕ್ಕೆ ಬರೋಣ. ಅಮೆರಿಕದಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಗಿ ಆಗಲೇ 22 ವರ್ಷವಾಗಿತ್ತು. ಜಗತ್ತಿನ ಚಿಮ್ಮುಬುಗ್ಗೆಗಳಲ್ಲಿ ಸುಮಾರು ಅರ್ಧದಷ್ಟು ಅಲ್ಲಿವೆ. ಅವು ಯಾರೊಬ್ಬರ ಸ್ವತ್ತೂ ಅಲ್ಲ ಎಂದು 1872ರಲ್ಲೇ ಅಲ್ಲಿ ಕಾನೂನಾಗಿತ್ತು. ಆದರೆ ಅವಕ್ಕೆಲ್ಲ ಹೆಸರು ಕೊಟ್ಟ ಗೇಸಿರ್ ಒಬ್ಬ ರೈತನ ಜಮೀನಿನಲ್ಲಿತ್ತು. ರೈತ ಅದನ್ನು ಮಾರಿದ. ಕೊಂಡವನು ಉತ್ತರ ಐರ್ಲೆಂಡಿನ ವಿಸ್ಕಿ ವ್ಯಾಪಾರದ ಮನೆತನದ ತರುಣ ಜೇಮ್ಸ್ ಕ್ರೇಗ್. ಈತನೇ ಮುಂದೆ 1921ರಲ್ಲಿ ಉತ್ತರ ಐರ್ಲೆಂಡಿನ ಮೊದಲ ಪ್ರಧಾನಿಯಾದವನು. ಕೊಂಡು, ನೋಡಲು ಬಂದವರಿಂದ ದುಡ್ಡು ಕೇಳಿದ. ಒಂದೇ ವರ್ಷದಲ್ಲಿ ಬೇಸರ ಬಂದು ಗೆಳೆಯನಿಗೆ ಉಡುಗೊರೆ ಕೊಟ್ಟುಬಿಟ್ಟ! ಹೀಗೆ ನಲವತ್ತು ವರ್ಷ ಆ ಬುಗ್ಗೆ ಪರದೇಶದವರ ಆಸ್ತಿಯಾಗಿತ್ತು. 1935ರಲ್ಲಿ ಸಿಗುರ್ದುರ್ ಯೋನಾಸನ್ ಎಂಬ ಐಸ್‌ಲೆಂಡಿಗ ಅದನ್ನು ಕೊಂಡು ದೇಶಕ್ಕೆ ದಾನ ಮಾಡಿದ.

ಅಷ್ಟು ಹೊತ್ತಿಗೆ ಗೇಸಿರ್ ಮೌನವಾಗಿತ್ತು. 1896ರ ಭೂಕಂಪ ಅದನ್ನು ಒಮ್ಮೆ ಎಬ್ಬಿಸಿತ್ತು. 1916ರ ಹೊತ್ತಿಗೆ ಚಿಮ್ಮುವುದು ನಿಂತಿತ್ತು. ದಾನವಾಗಿ ಬಂದ ಬುಗ್ಗೆ ಸುಮ್ಮನೆ ಮಲಗಿದರೆ ಹೇಗೆ? 1935ರಲ್ಲೇ ಬಟ್ಟಲಿನ ಅಂಚನ್ನು ಕೊರೆದು ಕಾಲುವೆ ಮಾಡಿ ನೀರಿನ ಮಟ್ಟ ಇಳಿಸಿದರು. ಭಾರ ಇಳಿಯಿತು, ಬುಗ್ಗೆ ಎದ್ದಿತು. ಆದರೆ ಸಿಲಿಕಾ ಮತ್ತೆ ಕಾಲುವೆಯನ್ನು ಮುಚ್ಚಿತು. 1981ರಲ್ಲಿ ಮತ್ತೆ ಬಿಡಿಸಿದರು. ಸಾಲದೆಂದು ವಿಶೇಷ ದಿನಗಳಲ್ಲಿ ಸೋಪು ಸುರಿದರು. ಸೋಪಿನಿಂದ ಗುಳ್ಳೆಗಳು ಸುಲಭವಾಗಿ ಏಳುತ್ತವೆ, ಬುಗ್ಗೆ ಹೇಳಿದ ಹೊತ್ತಿಗೆ ಚಿಮ್ಮುತ್ತದೆ. ಇದು ಹಾನಿ ಎಂಬ ಆಕ್ಷೇಪ ಬಲವಾಗಿ 1990ರ ದಶಕದಲ್ಲಿ ನಿಂತಿತು. ಆಮೇಲೆ 2000ದ ಜೂನ್ 17ರಂದು, ಐಸ್‌ಲೆಂಡಿನ ರಾಷ್ಟ್ರೀಯ ದಿನದಂದೇ, ಭೂಮಿ ಕಂಪಿಸಿತು. ಯಾರೂ ಏನೂ ಸುರಿಯದೆ ಗೇಸಿರ್ ತಾನಾಗಿ ಎದ್ದು ದಿನಕ್ಕೆ ಹಲವು ಬಾರಿ ಚಿಮ್ಮತೊಡಗಿತು. ಕೆಲವು ವರ್ಷಗಳಲ್ಲಿ ಮತ್ತೆ ನಿಧಾನವಾಯಿತು. ಈಗ ಅದು ಚಿಮ್ಮುವುದು ತೀರ ಅಪರೂಪ.

2014ರಲ್ಲಿ ಸುತ್ತಲಿನ ಜಮೀನುದಾರರು ಮತ್ತೆ ಪ್ರವೇಶ ಶುಲ್ಕ ಹಾಕಿದರು. ಸರ್ಕಾರ ತಕರಾರು ತೆಗೆದು ಅದನ್ನು ನಿಲ್ಲಿಸಿತು. 2016ರಲ್ಲಿ ಉಳಿದ ಜಮೀನನ್ನೂ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕ್ರೇಗ್ ಇಟ್ಟ ಲೆಕ್ಕ ಮುಗಿಯಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಬಿಸಿನೀರು ಯಾರದು ಎಂಬ ಈ ಪ್ರಶ್ನೆಗೆ ಭೂಮಿಯ ಇನ್ನೊಂದು ತುದಿಯಲ್ಲಿ ಹೆಚ್ಚಿನ ಬೆಲೆ ತೆರಬೇಕಾಯಿತು. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಶುರುವಾಯಿತು. ನೆಲದ ಬಿಸಿನೀರನ್ನು ಹೀರಿದ್ದರಿಂದ ಅಲ್ಲಿನ ಹೆಸರಾಂತ ಗೀಸರ್ ಕಣಿವೆ ಬತ್ತಿತು. ರೊಟೊರುವಾ ಪಟ್ಟಣದಲ್ಲಿ ಮನೆ ಮನೆಗೂ ಬಿಸಿನೀರಿನ ಬೋರ್‌ವೆಲ್. ತಲೆಮಾರುಗಳಿಂದ ಮಾವೊರಿ ಜನ ಅಡಿಗೆಗೆ, ಸ್ನಾನಕ್ಕೆ ಬಳಸುತ್ತ ಬಂದ ವಕಾರೇವಾರೇವಾದ ಬುಗ್ಗೆಗಳು ಸೊರಗತೊಡಗಿದವು. ಪೊಹುಟು ಎಂಬ ದೊಡ್ಡ ಗೀಸರಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ವೆಲ್‌ಗಳನ್ನೆಲ್ಲ ಮುಚ್ಚಿಸಲು 1980ರ ದಶಕದ ಕೊನೆಯಲ್ಲಿ ಸರ್ಕಾರ ಮುಂದಾಯಿತು. ಮನೆ ಬೆಚ್ಚಗಿಟ್ಟುಕೊಂಡಿದ್ದ ಜನಕ್ಕೆ ಸಿಟ್ಟು ಬಂದದ್ದು ಸಹಜ. ಆದರೆ ನೆಲದೊಳಗಿನ ಒತ್ತಡ ಏರಿತು, ಬುಗ್ಗೆಗಳು ಚೇತರಿಸಿಕೊಂಡವು. ಪೊಹುಟು ಇವತ್ತಿಗೂ ಚಿಮ್ಮುತ್ತಿದೆ.

ಇನ್ನು ಅಜ್ಜಿಯ ಪ್ರಶ್ನೆ. ಐಸ್‌ಲೆಂಡಿನೋರು ಸ್ನಾನಕ್ಕೆ ಏನು ಹಾಕುತ್ತಾರೆ? ಏನೂ ಹಾಕುವುದಿಲ್ಲ ಅಜ್ಜೀ, ನಲ್ಲಿ ತಿರುಗಿಸುತ್ತಾರೆ! 1930ರಲ್ಲಿ ಆ ಒಗೆಯುವ ಬುಗ್ಗೆಗಳ ಜಾಗದಿಂದಲೇ ರೇಕ್ಯಾವಿಕ್‌ನ ಒಂದಷ್ಟು ಕಟ್ಟಡಗಳಿಗೆ ಕೊಳವೆಯಲ್ಲಿ ಬಿಸಿನೀರು ತಂದರು. ಇವತ್ತು ದೇಶದ ನೂರಕ್ಕೆ ತೊಂಬತ್ತು ಮನೆಗಳು ಬೆಚ್ಚಗಾಗುವುದು ಭೂಮಿಯ ಶಾಖದಿಂದಲೇ. ಸ್ನಾನದ ನೀರಿಗೆ ಸ್ವಲ್ಪ ಗಂಧಕದ ವಾಸನೆ, ಅಷ್ಟೆ. ಮೊದಲ ದಿನ ನಾವು ಮೂಗು ಮುಚ್ಚಿಕೊಂಡೆವು, ಮೂರನೆಯ ದಿನಕ್ಕೆ ಗೊತ್ತೇ ಆಗಲಿಲ್ಲ. ಗೀಸರಿನ ತವರೂರಿನಲ್ಲಿ ಬಚ್ಚಲಿಗೆ ಗೀಸರ್ ಬೇಡ.

ನಾವು ಹೋದ ದಿನ ಸ್ಟ್ರೊಕ್ಕುರ್ ತನ್ನ ವಾಡಿಕೆಯಂತೆ ಐದು ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತಿತ್ತು. 1896ರ ಭೂಕಂಪದಲ್ಲಿ ಬಾಯಿ ಕಟ್ಟಿದ್ದ ಅದನ್ನು 1963ರಲ್ಲಿ ಶುಚಿ ಮಾಡಿ ತೆರೆದರು. ಅಂದರೆ ಅದರ ಇಂದಿನ ಆಟದಲ್ಲೂ ಮನುಷ್ಯನ ಕೈಯಿದೆ. ಜನ ಕ್ಯಾಮೆರಾ ಹಿಡಿದು ಸುತ್ತ ನಿಂತಿದ್ದರು. ಸ್ವಲ್ಪ ಆಚೆ, ಬೆಳ್ಳನೆಯ ಅಗಲವಾದ ಬಟ್ಟಲಿನಲ್ಲಿ ದೊಡ್ಡ ಗೇಸಿರ್ ಹಬೆಯಾಡುತ್ತ ಸುಮ್ಮನಿತ್ತು. ಅಲ್ಲಿ ಹೆಚ್ಚು ಜನರಿರಲಿಲ್ಲ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಪುತ್ತೂರಿನವರು. "ನಮ್ಮ ಇರ್ದೆಯಲ್ಲೂ ಒಂದು ಬೆಂದ್ರ್ ತೀರ್ಥ ಉಂಟು ಮಾರಾಯ್ರೆ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಅದೇನು ಹಾರುವುದಿಲ್ಲ, ಬೆಚ್ಚಗೆ ಇರ್ತದೆ ಅಷ್ಟೆ. ಚಿಕ್ಕವನಿದ್ದಾಗ ಅಜ್ಜ ಕರಕೊಂಡು ಹೋಗಿದ್ರು" ಎಂದರು. ಆಮೇಲೆ ಬಹಳ ಹೊತ್ತು ಗೇಸಿರ್‌ನ ಹತ್ತಿರವೇ ನಿಂತಿದ್ದರು. ಬಸ್ಸಿನ ಚಾಲಕ ಹಾರನ್ ಹೊಡೆದ ಮೇಲೆ ನಾವೇ ಹೋಗಿ ಕರೆದೆವು.

ಮಿತ್ರರೆ, ಹಂಡೆ, ಗುಡಾಣ, ಬಚ್ಚಲೊಲೆ, ಬೆಂದ್ರ್... ನೀರು ಕಾಯಿಸುವುದಕ್ಕೆ ನಿಮ್ಮ ನಿಮ್ಮ ಊರಿನ ಮನೆಗಳಲ್ಲಿ ಯಾವ ಮಾತುಗಳಿದ್ದವು? ನೆನಪಾದವನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಂಚಿಕೊಳ್ಳೋಣ. ಅಜ್ಜಿ ಊರಿಗೆ ಹೊರಡುವ ಮುಂಚೆ ಅವರಿಂದ ಕೆಲವನ್ನು ನಾವು ಆಗಲೇ ಬರೆದಿಟ್ಟುಕೊಂಡಿದ್ದೇವೆ.